ಸ್ಪೀಕರ್ ಯಾರ ಕಿವಿಗೆ

ಮನೆಗಳಲ್ಲಿ ಹೋಮ್ ಥಿಯೇಟರ್ ಜೋಡಿಸುವುದು ನನ್ನ ಕೆಲಸ. ಬಿಬವೇವಾಡಿ ಬಡಾವಣೆಯಲ್ಲಿ ನಮ್ಮ ವಿಜಯಪುರ ಕಡೆಯವರ ಮನೆಯೊಂದರಲ್ಲಿ ಟಿವಿ ಕೆಳಗಿನ ಸೌಂಡ್‌ಬಾರ್‌ಗೆ ಎರಡು ವೈರ್‌ಲೆಸ್ ಸ್ಪೀಕರ್ ಸೇರಿಸಿ, ಸೋಫಾದ ಅಕ್ಕಪಕ್ಕ ಇಟ್ಟಿದ್ದೆ. ಇನ್ನು ಟಿವಿ ನೋಡುವವರ ಜಾಗದಲ್ಲಿ ಮೊಬೈಲ್ ಹಿಡಿಯಬೇಕು. ಆ್ಯಪ್ ಅಲ್ಲಿಗೆ ತಕ್ಕಂತೆ ಸದ್ದು ಹೊಂದಿಸುತ್ತದೆ.

"ಎಲ್ಲಿ ಕೂಡ್ತೀರಿ ಸರ್?" ಎಂದು ಕೇಳಿದೆ.

ಮನೆಯ ಯಜಮಾನರು ಸೋಫಾದ ನಟ್ಟನಡುವೆ ಕೂತು, "ಇಲ್ಲೇ ಹಿಡೀರಿ. ಇದು ನನ್ನ ಖಾಯಂ ಜಾಗಾ" ಎಂದರು.

ಸೋಫಾದ ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದ ಅವರ ಹೆಂಡತಿ, "ಅಲ್ಲಿ ಅವರು ನಿದ್ದಿ ಮಾಡ್ತಾರ್ರಿ. ಟಿವಿ ನೋಡಾಕಿ ನಾನು, ಇಲ್ಲಿ ನಿಂತು" ಎಂದರು.

ಯಜಮಾನರು ನನ್ನ ಮುಖ ನೋಡಿದರು. ನಾನು ಮೊಬೈಲ್ ನೋಡಿದೆ.

"ಅಲ್ಲೇ ಹಿಡೀರಿ," ಎಂದರು ಕೊನೆಗೆ, "ಇಲ್ಲಿ ಸದ್ದು ಕಡಿಮಿ ಆದ್ರ ನನಗೂ ಭಾಳ ಅನುಕೂಲ."

ಸ್ಪೀಕರ್‌ಗಳು ಅಡಿಗೆಮನೆ ಬಾಗಿಲ ಎರಡೂ ಬದಿಗೆ ಹೋದವು. ಅಂದಿನಿಂದ ಯಾರ ಮನೆಗೆ ಹೋದರೂ ಈ ಪ್ರಶ್ನೆಯನ್ನು ಮೊದಲು ಅಡಿಗೆಮನೆ ಕಡೆ ತಿರುಗಿ ಕೇಳುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಕೇಳಿಲ್ಲ. ಕೇಳಿದರೆ ಬರುವ ಉತ್ತರ ಗೊತ್ತು: ನಮ್ಮ ಸೋಫಾದ ಮೇಲೆ ನನಗೂ ಒಳ್ಳೆ ನಿದ್ದೆ ಬರುತ್ತದೆ.