ನನ್ನ ಮೂರು ಹುಲಿಗಳ ಹೊಟ್ಟೆಕಿಚ್ಚು

ನನಗೆ ಎಪ್ಪತ್ತೆಂಟು ವರ್ಷದ ಒಬ್ಬ ಮುದುಕರ ಮೇಲೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯೇ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಅವರ ಬಾಯಲ್ಲಿ ನೆಟ್ಟಗೆ ನಾಲ್ಕು ಹಲ್ಲಿಲ್ಲ. ಬಲಗಾಲು ಮಡಚುವುದಿಲ್ಲ. ಒಂದು ಮಾತು ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮುತ್ತಾರೆ. ಆದರೂ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಗೇಟಿನ ಚಿಲಕ ಅಲುಗಾಡಿತೆಂದರೆ ನಾನು ಉಂಡದ್ದೆಲ್ಲ ಎದೆಗೆ ಬಂದು ನಿಲ್ಲುತ್ತದೆ. ಯಾಕೆಂದರೆ ಅವರ ಎದುರಿಗೆ ಕುಳಿತಾಗ ನನ್ನ ಹೆಂಡತಿ ಯೋಚನೆ ಮಾಡುತ್ತಾಳೆ.

ಹೆಂಡತಿ ಯೋಚನೆ ಮಾಡಿದರೆ ನಿನಗೇನಪ್ಪಾ ಕಷ್ಟ ಎಂದು ನಗಬೇಡಿ, ಸ್ವಲ್ಪ ಕೇಳಿ. ನಮ್ಮ ಮನೆ ಚಿನ್ನದ ಗಣಿಯ ಊರಾದ ಉರಿಗಾಮಿನಲ್ಲಿ. ನಾನು ಬಂಗಾರಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ; ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸ್. ಹೆಂಡತಿ ಮುನಿಲಕ್ಷ್ಮಿ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಕ್ಯಾಸಂಬಳ್ಳಿ ಕಡೆಯ ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು. ಅಲ್ಲಿ ಬಂಡೆಯ ಮೇಲೆ ಗೀರಿದ ಆಟದ ಮನೆಯಲ್ಲಿ ಅವಳ ಅಜ್ಜ ಅವಳಿಗೆ ಹುಲಿ-ಕುರಿ ಆಟ ಕಲಿಸಿದ್ದರಂತೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಅವಳು ಅದನ್ನು ನನ್ನ ಜೊತೆ ಆಡುತ್ತಿದ್ದಾಳೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳದೇ ಸೀಮೆಸುಣ್ಣದಲ್ಲಿ ಒಂದು ತ್ರಿಕೋನ, ಒಳಗೆ ಗೆರೆಗಳು. ಹದಿನೈದು ರವಿಕೆಯ ಗುಂಡಿಗಳು ಕುರಿ. ಹೊಲಿಗೆ ಮಿಷಿನ್ನಿನ ಮೂರು ಬಾಬಿನ್ ಹುಲಿ. ಹುಲಿ ಕುರಿಯ ತಲೆಯ ಮೇಲಿಂದ ಆಚೆಯ ಖಾಲಿ ಜಾಗಕ್ಕೆ ಹಾರಿದರೆ ಕುರಿ ಹೋಯಿತು. ಕುರಿಗಳೆಲ್ಲ ಒತ್ತಾಗಿ ನಿಂತು ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿದರೆ ಹುಲಿ ಹೋಯಿತು. ಇಷ್ಟೇ ಆಟ.

ನಮ್ಮ ಕಡೆ ಇದಕ್ಕೆ ಮೂರು ಭಾಷೆಯಲ್ಲಿ ಮೂರು ಹೆಸರು. ತಮಿಳಿನವರು ಆಡನ್ನು ಮುಂದಿಟ್ಟು ಆಡು-ಪುಲಿ ಎನ್ನುತ್ತಾರೆ. ತೆಲುಗಿನವರು ಪುಲಿ-ಮೇಕ ಎಂದು ಹುಲಿಗೆ ಮೊದಲ ಮಣೆ ಹಾಕುತ್ತಾರೆ, ನಾವೂ ಹಾಗೆಯೇ. ನಾನು ಇದರಿಂದ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿಕೊಂಡು, ಮದುವೆಯಾದ ಮೊದಲ ವಾರವೇ ಹುಲಿಗಳನ್ನು ನನ್ನ ಕಡೆ ಎಳೆದುಕೊಂಡೆ. ಗಂಡನಾದವನು ಕುರಿ ಹಿಡಿದು ಕೂತರೆ ಚೆಂದವೇ? ಈ ಆಟದಲ್ಲಿ ಬುದ್ಧಿಯೆಲ್ಲ ಕುರಿ ಕಡೆಯವರಿಗೇ ಬೇಕು, ಹುಲಿ ಹಿಡಿದವನಿಗೆ ಹಸಿವಿದ್ದರೆ ಸಾಕು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಹುಲಿಗಳು ನನಗೆ ಅಂಟಿಕೊಂಡಿದ್ದವು.

ಸೋಲುವುದು ನನಗೆ ದೊಡ್ಡ ವಿಷಯವಲ್ಲ. ವಾರಕ್ಕೆ ಐದು ದಿನ ಸೋತರೆ ಅದೂ ಸ್ನಾನದ ಹಾಗೆ ರೂಢಿಯಾಗುತ್ತದೆ. ಅವಳು ಸೋಲಿಸುವ ರೀತಿಯೇ ನನ್ನ ಹೊಟ್ಟೆ ಉರಿಸುವುದು. ನಾನು ಬೆವರಿ, ಗಡ್ಡ ಕೆರೆದುಕೊಂಡು, ಹಿಂದೆ ಮುಂದೆ ನೋಡಿ ಹುಲಿಯನ್ನು ಸರಿಸುತ್ತೇನೆ. ನನ್ನ ಬೆರಳು ಬಾಬಿನ್ ಬಿಡುವುದರೊಳಗೆ ಅವಳ ಕುರಿ ಬಂದು ಕೂತಿರುತ್ತದೆ. ಕೈಯಲ್ಲಿ ಯಾರದೋ ರವಿಕೆ, ಬಾಯಲ್ಲಿ ಸೂಜಿ. "ಊಂ, ನಿಮ್ದು" ಎನ್ನುತ್ತಾಳೆ. ಯಾರ ಕಣ್ಣು ಎಲ್ಲಿ ನೋಡುತ್ತಿದೆ ಎಂದು ದಿನವಿಡೀ ಗಮನಿಸುವುದೇ ನನ್ನ ಕಸುಬು. ಅವಳ ಕಣ್ಣು ಹುಕ್ಕಿನ ಮೇಲಿರುತ್ತದೆ, ಒಲೆಯ ಮೇಲಿನ ಹಾಲಿನ ಮೇಲಿರುತ್ತದೆ, ಬೀದಿಯಲ್ಲಿ ಹೋಗುವ ಸೊಪ್ಪಿನವಳ ಮೇಲಿರುತ್ತದೆ. ನನ್ನ ಹುಲಿಯ ಮೇಲೆ ಮಾತ್ರ ಇರುವುದಿಲ್ಲ.

ಪೆರುಮಾಳ್ ತಾತ ನಮ್ಮ ಪಕ್ಕದ ಮನೆಯವರು. ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಶಿಫ್ಟಿಗೆ ಇಳಿಯುವ ಮೊದಲು ಗೆಳೆಯರೆಲ್ಲ ಸೇರಿ ನೆಲದ ಮೇಲೆ ಇದೇ ಮನೆ ಬರೆದು ಆಡುತ್ತಿದ್ದರಂತೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ, ಪಾಪ, ಅಕ್ಕಪಕ್ಕದವರು ಎಂದು ನಾನೇ ಪರೀಕ್ಷೆ ಮಾಡಿ, ಒಳ್ಳೆಯ ಗಾಜು ಹಾಕಿ ಕನ್ನಡಕ ಮಾಡಿ, ಒಂದು ಭಾನುವಾರ ನಮ್ಮ ಮನೆಯಲ್ಲೇ ಕೊಟ್ಟೆ. ಅದನ್ನು ಹಾಕಿಕೊಂಡು ಅವರು ಮೊದಲು ನೋಡಿದ್ದು ನಮ್ಮ ಮೇಜಿನ ಮೇಲಿದ್ದ ಸೀಮೆಸುಣ್ಣದ ಗೆರೆಯನ್ನು.

"ಅಡಡಾ! ಆಡು-ಪುಲಿ! ಏನಮ್ಮಾ, ಒಂದು ಆಟ ಪೋಡಲಾಮಾ?" ಎಂದು ಅವಳನ್ನು ಆಟಕ್ಕೆ ಕರೆದರು.

ನಾನು ಒಳಗೆ ಹೋಗಿ ಒಂದು ನಿದ್ದೆ ತೆಗೆದು ಎದ್ದು ಬಂದೆ. ನೋಡುತ್ತೇನೆ, ಮುನಿಲಕ್ಷ್ಮಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಿದ್ದಾಳೆ! ಮಡಚಿದ ರವಿಕೆ ಪಕ್ಕಕ್ಕೆ ಹೋಗಿದೆ. ಅಂಗೈ ಕೆನ್ನೆಗೆ ಆನಿಸಿದೆ, ಕೆಳತುಟಿ ಹಲ್ಲಿನ ನಡುವೆ. ಎರಡು ಕಣ್ಣೂ ಆಟದ ಮನೆಯ ಮೇಲೆಯೇ. ನಾನು ಗೋಡೆ ಗಡಿಯಾರ ನೋಡಿಕೊಂಡೆ. ಹತ್ತು ನಿಮಿಷ, ಸ್ವಾಮಿ, ಒಂದು ಗುಂಡಿಗೆ ಹತ್ತು ನಿಮಿಷ! ಆಮೇಲೆ ಅವಳು "ಅಯ್ಯೋ ತಾತಾ, ಎಂಗ್ ಸಿಗಾಕುಸ್ಬುಟ್ರಿ ನನ್ನ!" ಎಂದು ಕೈ ತಟ್ಟಿ ನಕ್ಕಳು. ಸೋತು ನಕ್ಕಳು. ನನ್ನನ್ನು ಸಾವಿರ ಸಲ ಗೆದ್ದಾಗಲೂ ಆ ನಗು ಬಂದದ್ದನ್ನು ನಾನು ಕಂಡಿಲ್ಲ.

ಅಂದಿನಿಂದ ನನಗೆ ಬೇರೇನೂ ಬೇಡವಾಯಿತು. ಗೆಲುವೂ ಬೇಡ. ಒಂದೇ ಒಂದು ಸಲ ನನ್ನ ಎದುರಿಗೆ ಅವಳು ಸೂಜಿ ಕೆಳಗಿಡಬೇಕು, ಕೆನ್ನೆಗೆ ಕೈ ಕೊಡಬೇಕು.

ಬೆಂಗಳೂರಿನಿಂದ ಒಂದು ಪೆಟ್ಟಿಗೆ ಆಟ ತಂದೆ. ರೈಲು ಹಳಿ ಹಾಕಿ ಊರಿಂದ ಊರಿಗೆ ಸೇರಿಸುವುದು; ಇಪ್ಪತ್ತು ಪುಟದ ನಿಯಮ, ಅದೂ ಇಂಗ್ಲಿಷಿನಲ್ಲಿ. ಇದರಲ್ಲಿ ತಾತ ತಲೆ ಹಾಕುವ ಹಾಗಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ನಿತ್ಯ ರೈಲಿನಲ್ಲಿ ಓಡಾಡುವ ನಾನು ಹಳಿ ಹಾಕುವುದರಲ್ಲಾದರೂ ಗಟ್ಟಿಗನಾಗಬೇಡವೇ? ಅವಳು ಚಿತ್ರ ನೋಡಿಯೇ ಆಟ ಹಿಡಿದಳು. ಬೀನ್ಸಿನ ನಾರು ತೆಗೆಯುತ್ತಲೇ ನನ್ನ ಹಳಿಗಳಿಗೆಲ್ಲ ಅಡ್ಡ ಬಂದಳು. ಮುಂದಿನ ಭಾನುವಾರ ನಾನು ಎದ್ದು ಬರುವಷ್ಟರಲ್ಲಿ ತಾತ ಆಗಲೇ ಎರಡು ಊರು ಸೇರಿಸಿ, ಮೂರನೆಯದಕ್ಕೆ ಹೊರಟಿದ್ದರು.

ಇನ್ನೊಂದನ್ನು ಹೇಳದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಒಂದು ಶನಿವಾರ ತಾತ ಕನ್ನಡಕದ ಕಾಲು ಸಡಿಲವಾಗಿದೆ ಎಂದು ಕೊಟ್ಟರು. ಸ್ಕ್ರೂ ಬಿಗಿ ಮಾಡಲು ಅರ್ಧ ನಿಮಿಷದ ಕೆಲಸ. ನಾನು "ಈ ಅಳತೆಯ ಸ್ಕ್ರೂ ತರಿಸಬೇಕು ತಾತ, ಒಂದು ವಾರವಾಗುತ್ತದೆ" ಎಂದೆ. ಮನುಷ್ಯರಿಗೆ ಕಣ್ಣು ಕಾಣಿಸಲೆಂದು ಅಂಗಡಿ ಇಟ್ಟವನು ಮಾಡಿದ ಕೆಲಸ ಇದು! ಭಾನುವಾರ ನೆಮ್ಮದಿಯಾಗಿ ಮಲಗಿದೆ. ಮೂರು ಗಂಟೆಗೆ ಚಿಲಕ ಸದ್ದಾಯಿತು. ಮುನಿಲಕ್ಷ್ಮಿ ಗೆರೆಗಳನ್ನು ಬೆರಳಗಲ ದಪ್ಪ ಮಾಡಿ ಬರೆದಿದ್ದಳು. ದೊಡ್ಡ ಕೋಟಿನ ಗುಂಡಿಗಳನ್ನು ಹುಡುಕಿ ಇಟ್ಟಿದ್ದಳು.

"ಪರವಾಯಿಲ್ಲ ತಂಬಿ," ಎಂದರು ತಾತ ನನ್ನ ಭುಜ ತಟ್ಟಿ, "ಕಣ್ಣಾಡಿ ನಿಧಾನಕ್ಕೆ ಕೊಡು. ಯಾವ ಗುಂಡಿ ಎಲ್ಲಿದೆ ಅಂತ ಅಮ್ಮ ಹೇಳ್ತಾಳೆ, ನಾನು ಆಡ್ತೀನಿ."

ಆ ರಾತ್ರಿ ಊಟ ರುಚಿಸಲಿಲ್ಲ. ಸೋಮವಾರ ಸಂಜೆ ಮೊದಲು ಅವರ ಮನೆಗೆ ಹೋಗಿ ಕನ್ನಡಕ ಕೊಟ್ಟು ಆಮೇಲೆ ನನ್ನ ಮನೆಯ ಮೆಟ್ಟಿಲು ಹತ್ತಿದೆ.

ಕಳೆದ ವಾರ ತಾತ ಜೋಲಾರಪೇಟೆಯ ಮಗಳ ಮನೆಗೆ ಹೋದರು. ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ನಾನೇ ಗೆರೆ ಬರೆದು, ಗುಂಡಿ ಎಣಿಸಿ ಇಟ್ಟು, "ಬಾರೇ, ಒಂದಾಟ" ಎಂದೆ. ರೈಲಿನಲ್ಲಿ ಹೋಗುತ್ತಾ ಬರುತ್ತಾ ಮನಸ್ಸಿನಲ್ಲೇ ಹುಲಿ ಓಡಿಸಿ ಅಭ್ಯಾಸ ಮಾಡಿದ್ದೆ. ಅದರ ಫಲವೋ ಏನೋ, ಅರ್ಧ ಗಂಟೆಯಲ್ಲಿ ಎರಡು ಕುರಿ ತಿಂದೆ. ಮೂರನೆಯ ಹುಲಿಯನ್ನು ನಡುವಿಗೆ ತಂದು ನಿಲ್ಲಿಸಿ ತಲೆಯೆತ್ತಿದೆ.

ಅವಳು ಸೂಜಿ ಕೆಳಗಿಟ್ಟಳು.

ಅಂಗೈ ಕೆನ್ನೆಗೆ ಹೋಯಿತು. ತುಟಿ ಕಚ್ಚಿದಳು. ಒಂದು ಗುಂಡಿಯ ಮೇಲೆ ಬೆರಳಿಟ್ಟು ತೆಗೆದಳು, ಇನ್ನೊಂದರ ಮೇಲಿಟ್ಟು ತೆಗೆದಳು. ಐದು ನಿಮಿಷ. ಹತ್ತು. ಹೊರಗೆ ಯಾರೋ ರವಿಕೆ ಕೇಳಿಕೊಂಡು ಬಂದರೆ "ಆಮೇಲ್ ಬನ್ನಿ" ಎಂದಳು, ಕಣ್ಣೆತ್ತದೆ. ಹದಿನೈದು ನಿಮಿಷ! ಇಪ್ಪತ್ತೆರಡು ವರ್ಷದಲ್ಲಿ ಆ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ನೋಡಿರಲಿಲ್ಲ. ಹುಬ್ಬಿನ ಮೇಲೊಂದು ಸಣ್ಣ ಗಾಯದ ಕಲೆಯಿದೆ, ನಿಮಗೆ ಗೊತ್ತೇ? ನನಗೂ ಗೊತ್ತಿರಲಿಲ್ಲ.

ಕೊನೆಗೆ ನನಗೇ ಪಾಪ ಅನಿಸಿತು. ದೊಡ್ಡ ಮನಸ್ಸು ಮಾಡಿ, "ಸೋತೆ ಅಂತ ಒಪ್ಪಿಕೋ, ಪರವಾಗಿಲ್ಲ" ಎಂದೆ.

"ಯಾರ್ರಿ ಸೋತಿದ್ದು?" ಎಂದಳು. "ನಿಮ್ ಉಲಿಗಳನ್ನ ಕಟ್ಟಾಕಕ್ಕೆ ಮೂರೇ ನಡೆ ಸಾಕು. ನಿಮಗ್ ತಿಳೀದಂಗೆ ಎಂಗ್ ಸೋಲಾದು ಅಂತ ನೋಡ್ತಾ ಇವ್ನಿ. ಆಗ್ಲೇ ಎರಡು ಕುರಿ ಬಾಯಿಗಿಟ್ಟೆ. ಆಮೇಲೆ ಎರಡ್ ಸಲ ದಾರಿ ಬಿಟ್ಟೆ, ನೀವ್ ನೋಡ್ಲೇ ಇಲ್ಲ. ಮಿಕ್ಕೆರಡು ಉಲಿ ಎಲ್ಲಿ ದಾರಿ ಬಿಟ್ರೂ ಓಗಿ ಮೂಲೇಲೇ ಕೂತ್ಕೊಂತವೆ."

"ನೀನು ಯಾಕೆ ಸೋಲಬೇಕು?"

"ಇನ್ನೇನ್ ಮಾಡ್ಲಿ? ತಿಂಗಳಿಂದ ಮೊಕ ಊದುಸ್ಕೊಂಡು ಓಡಾಡ್ತಾ ಇದ್ದೀರ. ಆ ಮುದುಕಪ್ಪನ ಕನ್ನಡಕ ಮುಚ್ಚಿಟ್ಟಿದ್ದು ನನಗ್ ಗೊತ್ತಿಲ್ಲ ಅನ್ಕೊಂಡ್ರಾ?" ಎಂದು ಮತ್ತೆ ಕೆನ್ನೆಗೆ ಕೈ ಕೊಟ್ಟಳು. "ಸುಮ್ನಿರಿ ಒಂದ್ ಗಳಿಗೆ. ತಾತನ್ನ ಗೆಲ್ಲಾದು ಸುಲಭ. ನಿಮ್ಮನ್ನ ಗೆಲ್ಸಾದೇ ಕಷ್ಟ."

ಇಂಥ ಮಾತಿಗೆ ಸ್ವಾಭಿಮಾನವಿರುವ ಗಂಡಸು ಬಾಬಿನ್ನುಗಳನ್ನು ಎಸೆದು ಎದ್ದು ಹೋಗಬೇಕಿತ್ತು. ನಾನು ಮೆಲ್ಲನೆ ಎದ್ದು ಬೀದಿ ಬಾಗಿಲು ಹಾಕಿ ಬಂದು ಅದೇ ಜಾಗದಲ್ಲಿ ಕೂತೆ.

"ನಿಧಾನವಾಗಿ ಯೋಚನೆ ಮಾಡು," ಎಂದೆ. "ನನಗೇನೂ ಅವಸರವಿಲ್ಲ."