ಸೇತುವೆಗೆ ಆರು ಅಂಕ

ಪತ್ರಿಕಾ ಕಚೇರಿಯ ಸುದ್ದಿಸಂಗ್ರಹದಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ಆಕೆಗೆ ಎಲ್ಲರೂ ಇಟ್ಟ ಹೆಸರು ಅಂಕದಕ್ಕ. ಅಚ್ಚಾದ ಪ್ರತಿ ಸುದ್ದಿಗೂ ವಿಷಯಪದಗಳನ್ನು ಅಂಟಿಸಿ, ಯಾವ ವಿಷಯ ಅದರಲ್ಲಿ ಎಷ್ಟಿದೆಯೆಂದು ನೂರಕ್ಕೆ ಅಂಕ ಕೊಡುವುದು ಆಕೆಯ ಕೆಲಸ. ಮನೆಯಲ್ಲಿ ಗಂಡ ಕೊರೆಯತೊಡಗಿದರೂ, "ಇದರಲ್ಲಿ ವಿಷಯ ಹತ್ತೇ ಅಂಕ ರೀ," ಎನ್ನುವವಳು.

ಆ ದಿನ ವರದಿಗಾರನೊಬ್ಬ ಮುಖ ಸಪ್ಪಗೆ ಮಾಡಿಕೊಂಡು ಬಂದ. ಬಿರುಕುಬಿಟ್ಟಿದ್ದಕ್ಕೆ ಸಂಚಾರ ನಿಲ್ಲಿಸಿದ್ದ ಹಳೇ ಸೇತುವೆಯ ಬಗ್ಗೆ ಅವನು ಬರೆಯಬೇಕಿತ್ತು.

"ಅಕ್ಕಾ, ಸೇತುವೆ ಅಂತ ಹುಡುಕಿದ್ರೆ ನಾಲ್ಕು ಸಾವಿರ ಸುದ್ದಿ ಬರ್ತಿದೆ."

ಆಕೆ ಕಂಪ್ಯೂಟರಿನಲ್ಲಿ ಆ ಸೇತುವೆಯ ವಿಷಯಪದ ಆರಿಸಿ, ಎಂಬತ್ತು ಅಂಕ ದಾಟಿದವನ್ನಷ್ಟೇ ಕೇಳಿದಳು. ಹನ್ನೊಂದು ಉಳಿದವು. ಎಲ್ಲವೂ ಬಿರುಕು ಕಂಡ ಮೇಲಿನವು.

"ಮುಂಚೆ ಯಾರಿಗೂ ಗೊತ್ತೇ ಇರಲಿಲ್ವಾ?" ಎಂದ ಅವನು.

ಆ ಪ್ರಶ್ನೆ ಆಕೆಯ ತಲೆಗೆ ಹುಳ ಬಿಟ್ಟಿತು. ಎಂಬತ್ತರ ಗಡಿ ತೆಗೆದು, ಪಟ್ಟಿಯನ್ನು ತಲೆಕೆಳಗು ಮಾಡಿ, ಅತಿ ಕಡಿಮೆ ಅಂಕದಿಂದ ಓದುತ್ತ ಬಂದಳು.

ನಾಲ್ಕನೆಯದು ಬಸ್ ಚಾಲಕರೊಬ್ಬರ ಬೀಳ್ಕೊಡುಗೆ. ಬಿರುಕು ಕಾಣುವುದಕ್ಕೆ ಎರಡು ವರ್ಷ ಹಿಂದಿನ ಸುದ್ದಿ. ಸೇತುವೆಗೆ ಆರು ಅಂಕ. ಕೊನೆಯ ಸಾಲಿನಲ್ಲಿ ಚಾಲಕರು ನಗುತ್ತ ಹೇಳಿದ್ದರು: ಆ ಸೇತುವೆ ಬಂದಾಗಲೆಲ್ಲ ಪ್ರಯಾಣಿಕರನ್ನು ಇಳಿಸಿ, ಖಾಲಿ ಬಸ್ ದಾಟಿಸುತ್ತಿದ್ದೆ.

"ಇದಕ್ಕೆ ಬರೀ ಆರಾ ಅಕ್ಕಾ? ಯಾರು ಕೊಟ್ಟಿದ್ದು?"

"ನಾನೇ. ಸುದ್ದಿ ಅವರ ನಿವೃತ್ತಿದು, ಸೇತುವೆ ಬಗ್ಗೆ ಇರೋದು ಒಂದೇ ಸಾಲು. ಈಗ ಕೇಳಿದ್ರೂ ಆರೇ ಕೊಡ್ತೀನಿ."

ಅವನು ಪೆನ್ನು ಹುಡುಕಿಕೊಳ್ಳುವಷ್ಟರಲ್ಲಿ ಆಕೆ ಏಳು ಅಂಕದ ಸುದ್ದಿ ತೆರೆದಿದ್ದಳು.