ತೆಗೆದುಬಿಡೆಂದು ಬೇಡಿದ ಭಯ

ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಂಡಾಗಲೆಲ್ಲ ನನ್ನ ಬೆರಳುಗಳು ನಡುಗುತ್ತಿದ್ದವು. ಅರವತ್ತು ದಾಟಿದ ಮೇಲೆ, ಯಜಮಾನರು ಲಿಂಗೈಕ್ಯರಾದ ಮರುವರ್ಷ, ಬೆಟಗೇರಿಯ ನಮ್ಮ ಮನೆಯ ಹೊರಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಎಣ್ಣೆ ನೀವಿ, ಬಿಸಿನೀರಿನ ಶಾಖ ಕೊಡುವ ಕಾಯಕವನ್ನು ಆರಂಭಿಸಿದ್ದೆ. ಲಕ್ಷ್ಮೇಶ್ವರದ ತವರಿನಲ್ಲಿ ಅಜ್ಜಿಯಿಂದ ಕಲಿತ ವಿದ್ಯೆ ಅದು. ಆಮೇಲೆ ಗದುಗಿನಲ್ಲಿ ತರಬೇತಿಯನ್ನೂ ಪಡೆದಿದ್ದೆ. ಆದರೂ ಭಯ. ನನ್ನ ಕೈಯಿಂದ ಯಾರಿಗಾದರೂ ಕೇಡಾದರೆ? ಪುರಾಣ ಹೇಳಿ ತಂದೆಯವರು ಗಳಿಸಿದ್ದ ಗೌರವವನ್ನು ಈ ವಯಸ್ಸಿನಲ್ಲಿ ನಾನೇ ಅಳಿಸಿಬಿಟ್ಟರೆ?

ನಾದಿನಿಯಂತೂ ಮೊದಲ ದಿನವೇ ಅಂದಿದ್ದಳು: "ಜಪಾ ಮಾಡ್ಕೋತ ಕುಂಡ್ರೂ ವಯಸ್ಸಿನ್ಯಾಗ ಮಂದಿ ಕಾಲ ತಿಕ್ತೀರೇನ್ರಿ ವೈನಿ?"

ದಿನವೂ ಮುಂಜಾನೆ ಸೋಮೇಶ್ವರನ ಪಟದ ಮುಂದೆ ದೀಪ ಹಚ್ಚಿ, "ತಂದೆಯೇ, ಈ ಭಯವನ್ನು ತೆಗೆದುಬಿಡು" ಎಂದು ಬೇಡುತ್ತಿದ್ದೆ. ಅವನು ತೆಗೆಯಲಿಲ್ಲ. ಆ ಭಯದಿಂದಲೇ ನನಗೊಂದು ರೂಢಿ ಬಿದ್ದಿತು. ಯಾರೇ ಬರಲಿ, ಎಣ್ಣೆ ಹಚ್ಚುವ ಮುನ್ನ ಕಣ್ಣು ಮುಚ್ಚಿ, ಶಿವನಾಮ ನುಡಿಯುತ್ತ, ಎರಡೂ ಕಾಲುಗಳನ್ನು ಒಟ್ಟಿಗೆ ಮೆಲ್ಲನೆ ಮುಟ್ಟಿ ಹೋಲಿಸಿ ನೋಡುತ್ತಿದ್ದೆ. ಸೊಸೆ ಗೌರಿ ನಗುತ್ತಿದ್ದಳು: "ಅತ್ತಿ, ನೀವು ಎಣ್ಣಿ ಹಚ್ಚೂದಕ್ಕಿಂತ ಮುಟ್ಟಿ ನೋಡೂದ ಜಾಸ್ತಿ ಆತ ನೋಡ್ರಿ."

ಕಳೆದ ಕಾರ್ತಿಕದ ಒಂದು ಸೋಮವಾರ, ಹಿರೇವಡ್ಡಟ್ಟಿಯಿಂದ ನೀಲವ್ವ ಎಂಬ ಹೆಣ್ಣುಮಗಳು ತನ್ನ ಅತ್ತೆಯೊಂದಿಗೆ ಬಂದಳು. ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿ ಬಹುಕಾಲ ಹಾಸಿಗೆಯಲ್ಲಿದ್ದು ಎದ್ದವಳು. ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ, ತಿಕ್ಕಿ ಸಡಿಲಿಸಬೇಕು ಎಂದಳು.

ರೂಢಿಯಂತೆ ಮುಟ್ಟಿದೆ. ಬಲಗಾಲು ತಣ್ಣಗಿತ್ತು. ಎಡಗಾಲು ಕಾದಿತ್ತು, ಊದಿ ಬಿಗಿದಿತ್ತು. ಇಂಥ ಕಾಲನ್ನು ತಿಕ್ಕದೆ ವೈದ್ಯರಲ್ಲಿಗೆ ಕಳುಹಿಸಬೇಕೆಂದು ತರಬೇತಿಯಲ್ಲಿ ಕೇಳಿದಂತಿತ್ತು. ಆ ನೆನಪನ್ನು ನಾನೇ ಪೂರ್ತಿ ನಂಬದಿದ್ದರೂ ಭಯ ನನ್ನ ಕೈಯನ್ನು ತಡೆಯಿತು.

"ತಂಗೀ, ಇದನ್ನ ನಾ ತಿಕ್ಕಂಗಿಲ್ಲವಾ. ಮೊದಲ ಡಾಕ್ಟರಿಗೆ ತೋರಸೂಣು."

"ಸ್ವಲ್ಪರ ತಿಕ್ಕಿಬಿಡ್ರೀ ಅಮ್ಮಾ, ನೋವು ತಡಿಯಾಕ ಆಗವಲ್ದು" ಎಂದು ನೀಲವ್ವ ಕಣ್ಣೀರಿಟ್ಟಳು.

ಅತ್ತೆ ಸಿಡಿದೆದ್ದಳು: "ಬಸ್ಸಿನ್ಯಾಗ ನಿಂತಕೊಂಡ ಬಂದೀವಿ! ತಿಕ್ಕಾಕ ಬರಂಗಿಲ್ಲಂದ್ರ ಬೋರ್ಡ್ ಯಾಕ ಹಾಕೀರಿ? ಹೆದರಾಕ ಹತ್ತೀರಿ, ಮಾರಿ ಮ್ಯಾಲೆ ಕಾಣತೈತಿ!"

ಖರೆಯ ಮಾತು. ಸರದಿಗಾಗಿ ಕುಳಿತಿದ್ದ ಇಬ್ಬರು ಸದ್ದಿಲ್ಲದೆ ಎದ್ದುಹೋದರು. ನಾನು ಬಟ್ಟಲನ್ನು ಮುಚ್ಚಿಟ್ಟು, ಗೌರಿಯಿಂದ ಆಟೋ ಕರೆಸಿ, ಅವರೊಂದಿಗೆ ಗದುಗಿನ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಆ ಅತ್ತೆ ನನ್ನತ್ತ ತಿರುಗಲಿಲ್ಲ.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಕುಳಿತಾಗ ಏನೆಂದು ಪ್ರಾರ್ಥಿಸಬೇಕೆಂಬುದೇ ತಿಳಿಯಲಿಲ್ಲ. ಏನೂ ಇಲ್ಲವೆಂದರೆ ಊರೆಲ್ಲ ನಗುತ್ತದೆ, ನನ್ನ ಹೊರಕೋಣೆಯ ಬಾಗಿಲು ಮುಚ್ಚಿದಂತೆಯೇ. ಏನಾದರೂ ಇದೆಯೆಂದರೆ ಈ ಬಡಜೀವದ ಗತಿಯೇನು? ತುಟಿಗಳು ನಾಮವನ್ನಷ್ಟೇ ಹಿಡಿದಿದ್ದವು.

ವೈದ್ಯೆ ಹೊರಬಂದು ಕೇಳಿದರು: "ರಕ್ತನಾಳದಾಗ ರಕ್ತ ಹೆಪ್ಪುಗಟ್ಟೈತ್ರಿ. ಯಾರರ ಈ ಕಾಲು ತಿಕ್ಕೀರೇನು?"

"ಇಲ್ರಿ."

"ಪುಣ್ಯಾ ಮಾಡೀರಿ. ತಿಕ್ಕಿದ್ರ ಆ ಗಡ್ಡಿ ಕಳಚಿ ಶ್ವಾಸಕೋಶಕ್ಕ ಹೋಗಬಹುದಿತ್ತು. ಜೀವಕ್ಕ ಕುತ್ತು ಬರತಿತ್ತು."

ನನ್ನ ಮೊರೆ ಸೋಮೇಶ್ವರನಿಗೆ ಕೇಳಲೇ ಇಲ್ಲವೆಂದು ಅಷ್ಟು ದಿನ ಕೊರಗಿದ್ದೆನಲ್ಲ! ಯಾವುದನ್ನು ತೆಗೆದುಬಿಡೆಂದು ಬೇಡಿದೆನೋ ಅದನ್ನೇ ಅವನು ನನ್ನ ಕೈಯಲ್ಲಿ ಕಾವಲಿಗಿಟ್ಟಿದ್ದ. ಪಕ್ಕದಲ್ಲಿ ನೀಲವ್ವನ ಅತ್ತೆ ಸೆರಗು ಬಾಯಿಗೊತ್ತಿ ಬಿಕ್ಕುತ್ತಿದ್ದಳು.

ಔಷಧೋಪಚಾರದಿಂದ ನೀಲವ್ವ ಗುಣಹೊಂದಿದಳು. ಯುಗಾದಿಯ ನಂತರ ಅವಳ ಅತ್ತೆ ಒಬ್ಬಳೇ ಬಂದು, ಭುಜ ಹಿಡಿದಿದೆಯೆಂದು ನನ್ನ ಮುಂದೆ ಕುಳಿತಳು. ನಾನು ಬಟ್ಟಲಿಗೆ ಕೈ ಚಾಚಿದ್ದೇ ತಡ, ತಡೆದಳು:

"ಮೊದಲ ಮುಟ್ಟಿ ನೋಡ್ರೆವ್ವಾ! ನೀವು ಹೆದರಲಿಲ್ಲಂದ್ರ ನನಗ ಹೆದರಿಕಿ ಬರತೈತಿ."

ಗೌರಿ ಒಳಗಿನಿಂದಲೇ ನಕ್ಕಳು. ನಾನೂ ನಕ್ಕೆ.

ಇಂಥ ಕಾಯಕಕ್ಕೆ ಕೈಹಾಕಲು ಅಳುಕುತ್ತಿರುವ ತಾಯಂದಿರೇ, ನಿಮ್ಮ ಅಳುಕು ಹೋಗಲೆಂದು ಕಾಯುತ್ತ ಕೂಡಬೇಡಿ. ವಿದ್ಯೆಯನ್ನು ಸರಿಯಾಗಿ ಕಲಿತು, ಆ ಅಳುಕನ್ನೂ ಜೊತೆಗಿಟ್ಟುಕೊಂಡೇ ಬಾಗಿಲು ತೆರೆಯಿರಿ. ನಾನು ಈಗಲೂ ಮುಂಜಾನೆ ದೀಪ ಹಚ್ಚುತ್ತೇನೆ. ಭಯವನ್ನು ತೆಗೆ ಎಂದು ಮಾತ್ರ ಬೇಡುವುದಿಲ್ಲ. ನಡುಗುವ ಕೈಗಳನ್ನೇ ಅವನ ಮುಂದೆ ಜೋಡಿಸಿ, ಕೋಣೆಯ ಅಗಳಿ ತೆಗೆಯುತ್ತೇನೆ.